ಬರಿಗಾಲಿನ ಪಟ್ಟಿ

ಹಲಗೇರಿಯ ಹೊನ್ನವ್ವನ ಹತ್ತಿ ಹೊಲದಲ್ಲಿ ಪುಷ್ಪಲತಾ ಎರಡು ಸಲ ಬಿದ್ದಳು. ಮೊದಲ ಸಲ ಬಿದ್ದಾಗ ಹೆಣ್ಣುಮಕ್ಕಳೆಲ್ಲ ನಕ್ಕರು, ಅವಳೂ ನಕ್ಕಳು. ಎರಡನೆಯ ಸಲ ಬಿದ್ದಾಗ ಮೂರು ಗಿಡ ಮುರಿದು, ದಾರ ಕಟ್ಟಿದ್ದ ನಲವತ್ತೋ ಐವತ್ತೋ ಕಾಯಿ ಮಣ್ಣುಪಾಲಾದವು. ಆಗ ಯಾರೂ ನಗಲಿಲ್ಲ.

ದಾರ ಕಟ್ಟಿದ ಕಾಯಿ ಎಂದರೇನೆಂದು ರಾಣೆಬೆನ್ನೂರು ಸೀಮೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಬೇಕು. ಬೀಜದ ಕಂಪನಿಗಳು ರೈತರ ಹೊಲದಲ್ಲಿ ಎರಡು ಜಾತಿಯ ಹತ್ತಿ ಬೆಳೆಸುತ್ತವೆ, ಒಂದು ಗಂಡು, ಒಂದು ಹೆಣ್ಣು. ನಾಳೆ ಅರಳುವ ಹೆಣ್ಣು ಮೊಗ್ಗನ್ನು ಇವತ್ತು ಸಂಜೆಯೇ ಹುಡುಕಿ, ಹೆಬ್ಬೆರಳ ಉಗುರಿನಿಂದ ಅದರ ಎಸಳನ್ನೂ ಪರಾಗದ ಕುಚ್ಚನ್ನೂ ಸುಲಿದು, ಒಳಗಿನ ಕಡ್ಡಿಯನ್ನಷ್ಟೇ ಉಳಿಸಿ ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಮುಂಜಾನೆ ಗಂಡು ಹೂವು ತಂದು ಆ ಕಡ್ಡಿಗೆ ಸವರಿ, ಗುರುತಿಗೆ ದಾರ ಕಟ್ಟಬೇಕು. ಇದಕ್ಕೆ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಸಂಜೆ ಕಣ್ತಪ್ಪಿ ಉಳಿದ ಮೊಗ್ಗು ಬೆಳಿಗ್ಗೆ ತಾನೇ ಅರಳಿ, ತನ್ನ ಪರಾಗವನ್ನೇ ತಾನು ಹಚ್ಚಿಕೊಂಡಿತೋ, ಕೆಲಸ ಕೆಟ್ಟಿತು. ಅಂಥ ನಾಲ್ಕು ಕಾಯಿಯ ಬೀಜ ಸೇರಿದರೂ ಮಾಲು ಶುದ್ಧವಿಲ್ಲವೆಂದು ಕಂಪನಿ ಮೂಗು ಮುರಿಯುತ್ತದೆ. ಆದ್ದರಿಂದ ಇಪ್ಪತ್ತು ಹೆಣ್ಣುಮಕ್ಕಳ ಗ್ಯಾಂಗಿಗೆ ಒಬ್ಬಳು ಮೇಸ್ತ್ರಿ ಇರುತ್ತಾಳೆ. ಪ್ರತಿ ಸಾಲನ್ನೂ ನಡೆದು, ಹಾಗೆ ತಪ್ಪಿ ಅರಳಿದ ಹೂವನ್ನು ಹುಡುಕಿ ಕೀಳುವುದು ಅವಳ ಕೆಲಸ. ಕಣ್ಣು, ಕೈ, ಕಾಲು ಮೂರೂ ನೆಟ್ಟಗಿರಬೇಕು.

ಪುಷ್ಪಲತಾ ಹನ್ನೊಂದು ವರ್ಷದಿಂದ ಆ ಮೇಸ್ತ್ರಿ. ಓದಿದ್ದು ಏಳನೇ ಇಯತ್ತೆ. ಹುಡುಗಿಯಾಗಿದ್ದಾಗ ಬ್ಯಾಡಗಿಯಲ್ಲಿ ಅವ್ವನ ಮಗ್ಗುಲಿಗೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿದವಳು. ಮೂಗು, ಕಣ್ಣು, ಬೆರಳ ಸಂದಿಯೆಲ್ಲ ಉರಿಯುತ್ತಿದ್ದ ಆ ಕೆಲಸದಿಂದ ತಪ್ಪಿಸಿಕೊಂಡು ಹೊಲದ ಗಾಳಿಗೆ ಬಂದದ್ದೇ ತನ್ನ ಭಾಗ್ಯ ಎಂದುಕೊಂಡವಳು. ಐವತ್ತು ಹೆಜ್ಜೆ ದೂರದಿಂದಲೇ ಎಲೆಯ ಮರೆಯ ಹಳದಿ ಹೂವು ಅವಳಿಗೆ ಕಾಣುತ್ತಿತ್ತು. ಜೊತೆಯ ಗದಿಗೆವ್ವ, ಇವಳ ಕಣ್ಣಿಗೆ ಯಾರದೋ ದೃಷ್ಟಿ ತಾಕುತ್ತದೆ ನೋಡುತ್ತಿರಿ ಎಂದು ಚೇಷ್ಟೆ ಮಾಡುತ್ತಿದ್ದಳು. ಕಣ್ಣಿಗೆ ಏನೂ ಆಗಲಿಲ್ಲ. ಆದದ್ದು ಕಾಲಿಗೆ.

ಮೊದಮೊದಲು ಬಲಗಾಲು ಜೋಮು ಹಿಡಿದಂತೆ ಇರುತ್ತಿತ್ತು. ಆಮೇಲೆ ಪಾದ ಎತ್ತಿದರೂ ಏಳದೆ ಬೆರಳು ನೆಲ ಕೆರೆಯತೊಡಗಿತು. ಬಿಸಿಲೇರಿದಷ್ಟೂ ಕಾಲು ಸೋಲುತ್ತಿತ್ತು. ಒಬ್ಬರು ಗಾಳಿ ಎಂದರು, ಇನ್ನೊಬ್ಬರು ಲಕ್ವಾ ಎಂದರು. ಅವಳ ಗಂಡ ಶಂಭುಲಿಂಗ ರಾಣೆಬೆನ್ನೂರಿನಲ್ಲಿ ಆಟೋ ಓಡಿಸುವವನು, ಮೆತ್ತಗಿನ ಮನುಷ್ಯ. ಅವನೇ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಅಲ್ಲಿ ಗುಡುಗುಡು ಸದ್ದು ಮಾಡುವ ಕೊಳವೆಯೊಳಗೆ ಮಲಗಿಸಿ ತಲೆ, ಬೆನ್ನು ಎಲ್ಲ ನೋಡಿದರು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು ಡಾಕ್ಟರು. ಮೋಟಾರಿನ ವೈರಿಗೆ ಮೇಲಿನ ರಬ್ಬರು ಸುಲಿದರೆ ಕರೆಂಟು ಹೇಗೆ ನೆಟ್ಟಗೆ ಹೋಗುವುದಿಲ್ಲವೋ, ಹಾಗೆ ನರದ ಮೇಲಿನ ಪದರ ಸುಲಿದಿದೆ, ಆದ್ದರಿಂದ ಮಿದುಳಿನ ಮಾತು ಪಾದಕ್ಕೆ ಮುಟ್ಟುತ್ತಿಲ್ಲ ಎಂದು ಬಿಡಿಸಿ ಹೇಳಿದರು. ಪೂರ್ತಿ ವಾಸಿಯಾಗುವುದಲ್ಲ, ಕೆಲವು ಸಲ ತಾನೇ ತಗ್ಗುತ್ತದೆ, ಕೆಲವು ಸಲ ಮತ್ತೆ ಏಳುತ್ತದೆ, ಇನ್ನೊಂದು ಕಾಲಿಗೂ ಬರಬಹುದು, ಬರದೆಯೂ ಇರಬಹುದು. ಬಿಸಿಲು ಆಗದು. ಶಂಭುಲಿಂಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಅವಳಿಗೂ ಅಳು ಬಂದಿತ್ತು. ಆದರೆ ಇಬ್ಬರೂ ಅತ್ತರೆ ಬಸ್ಸು ಹತ್ತಿಸುವವರು ಯಾರು ಎಂದು ತಡೆದುಕೊಂಡಳು.

ಇದು ಎರಡು ಸಾವಿರದ ಐದನೆಯ ಇಸವಿಯ ಮಾತು. ಆ ವರ್ಷದ ಕ್ರಾಸಿಂಗ್ ಶುರುವಾಗಿ ಮೂರು ವಾರವಾಗಿತ್ತು, ಆಗಲೇ ಅವಳು ಎರಡನೆಯ ಸಲ ಬಿದ್ದದ್ದು. ಕಂಪನಿಯ ಕಡೆಯಿಂದ ಹೊಲ ನೋಡಿಕೊಳ್ಳುವ ಕೊಟ್ರೇಶ ಹಾವೇರಿಯಿಂದ ಮೋಟರ್ ಸೈಕಲ್ ಮೇಲೆ ಬಂದು ಮುರಿದ ಗಿಡ ನೋಡಿದ. ಕೆಟ್ಟವನಲ್ಲ. ಬಯ್ದಿದ್ದರೆ ಅವಳೂ ಬಯ್ದು ಸಾಟಿ ಮಾಡುತ್ತಿದ್ದಳು, ಅವನು ಮರುಗಿದ. ಅದೇ ಕಷ್ಟವಾಯಿತು. ಬೇವಿನ ಮರದ ನೆರಳಲ್ಲಿ ಕೂತು ಕೆಂಪು ಚೀಲ ಎಣಿಸಿ ಕೊಡುವ ಕೆಲಸ ಮಾಡಿರಿ, ಪಗಾರ ಅಷ್ಟೇ ಕೊಡಿಸುತ್ತೇನೆ, ಸಾಲು ನಡೆಯುವುದನ್ನು ಗದಿಗೆವ್ವ ನೋಡಲಿ ಎಂದ. ಮನೆಯಲ್ಲಿ ಶಂಭುಲಿಂಗನದೂ ಅದೇ ರಾಗ: ಇಲ್ಲಿ ಬೇಡವಾದರೆ ಬ್ಯಾಡಗಿಗೆ ಹೋಗು, ಮೆಣಸಿನಕಾಯಿ ಕೆಲಸ ಕೂತೇ ಮಾಡಬಹುದು.

"ಕುಂದ್ರೂ ದಿನಾ ಬಂದ್ರ ಕುಂದರ್ತೇನಿ," ಎಂದಳು ಪುಷ್ಪಲತಾ. "ಇನ್ನಾ ಬಂದಿಲ್ಲ. ನನ್ನ ಕಡೆ ಕಣ್ಣು ಅದಾವ, ಕೈ ಅದಾವ, ಒಂದೂವರಿ ಕಾಲ ಐತಿ. ಅರ್ಧಾ ಕಾಲಿನ ಸಲುವಾಗಿ ಉಳಿದದ್ದನ್ನೆಲ್ಲ ನೆರಳಾಗ ಕುಂದ್ರಸಬೇಕೇನು?"

ಕೊಟ್ರೇಶನಿಗೂ ಇದನ್ನೇ ಹೇಳಿದಳು, ಸ್ವಲ್ಪ ಮೆತ್ತಗೆ. ಅವನು ತಲೆ ಕೆರೆದುಕೊಂಡು ಒಂದು ಗಡುವು ಕೊಟ್ಟ. ಸೀಗಿ ಹುಣ್ಣಿಮೆಯ ವಾರದಲ್ಲಿ ಬರುತ್ತೇನೆ, ನೀವು ನೋಡಿದ ಹತ್ತು ಸಾಲನ್ನು ನಿಮ್ಮ ಹಿಂದೆಯೇ ನಡೆದು ನೋಡುತ್ತೇನೆ. ಐದಕ್ಕಿಂತ ಹೆಚ್ಚು ತಪ್ಪಿದ ಹೂವು ಸಿಕ್ಕರೆ, ಇಲ್ಲವೇ ಇನ್ನೊಂದು ಗಿಡ ಮುರಿದರೆ, ಮೇಸ್ತ್ರಿ ಬದಲು. ಅವಳು ಹೂಂ ಎಂದಳು.

ಹುಬ್ಬಳ್ಳಿಯಲ್ಲಿ ಕಾಲಿಗೆ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ಕಿನ ಪಟ್ಟಿ ಕೊಟ್ಟಿದ್ದರು. ಮೀನಖಂಡದ ಹಿಂದಿನಿಂದ ಇಳಿದು ಅಂಗಾಲಿನ ಕೆಳಗೆ ತಿರುಗುವ ಪಟ್ಟಿ. ಆಸ್ಪತ್ರೆಯ ನುಣ್ಣನೆಯ ನೆಲದ ಮೇಲೆ ಅದು ಚೆಂದಾಗಿಯೇ ನಡೆಸಿತ್ತು. ಆದರೆ ಅದಕ್ಕೆ ಬೂಟು ಬೇಕು, ಮತ್ತು ಎರೆಮಣ್ಣಿಗೆ ಬೂಟಿನ ಮರ್ಯಾದೆ ಗೊತ್ತಿಲ್ಲ. ಮಣ್ಣು ಮೆತ್ತಿ ಒಂದೊಂದು ಕಾಲು ಒಂದೊಂದು ಹೆಂಟೆಯಷ್ಟಾಯಿತು, ಒಳಗೆ ಬೆವರಿ ಹಿಮ್ಮಡಿ ಸುಲಿಯಿತು. ಅದನ್ನು ಚೀಲದಲ್ಲಿ ಹಾಕಿಕೊಂಡು ಗಂಡನ ಆಟೋದಲ್ಲಿ ಕೂತಿದ್ದಳು, ಆಟೋ ತನ್ನ ಹರಿದ ಸೀಟು ಹೊಲಿಸಿಕೊಳ್ಳಲು ಇಸಾಕಸಾಬನ ಅಂಗಡಿಯ ಮುಂದೆ ನಿಂತಿತ್ತು.

ಇಸಾಕಸಾಬ ರಾಣೆಬೆನ್ನೂರಿನ ಹಳೆಯ ಸೀಟು ಹೊಲಿಯುವವನು. ಆಟೋ, ಟ್ರ್ಯಾಕ್ಟರು, ಬಸ್ಸು, ಯಾವ ಸೀಟು ಹರಿದರೂ ಅವನ ಕೈಗೆ. ಅರವತ್ತು ದಾಟಿತ್ತು. ರಂಜಾನ್ ತಿಂಗಳು, ಹಗಲೆಲ್ಲ ಉಪವಾಸ, ಬಾಯಿ ಒಣಗಿದ್ದರೂ ಮಾತು ಒಣಗಿರಲಿಲ್ಲ. ಆ ಪ್ಲಾಸ್ಟಿಕ್ ಪಟ್ಟಿಯನ್ನು ಇಸಕೊಂಡು ತಿರುವಿ ಮುರುವಿ ನೋಡಿದ. ಅವಳನ್ನು ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆಸಿ ಪಾದವನ್ನು ನೋಡಿದ. ಹಿಂದಿನಿಂದ ದೂಡುವುದು ಯಾಕೆ, ಮುಂದಿನಿಂದ ಎಳೆದರೆ ಆಗದೇ ಎಂದ. ಆಟೋ ಟ್ಯೂಬಿನ ಒಂದು ತುಂಡು ಕತ್ತರಿಸಿ, ಒಂದು ತುದಿ ಅವಳ ಚಪ್ಪಲಿಯ ಮುಂಬದಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಮೊಣಕಾಲ ಕೆಳಗೆ ಕೈಯಿಂದಲೇ ಹಿಡಿದು, ಈಗ ನಡಿ ಎಂದ. ಅವಳು ಕಾಲೆತ್ತಿದಳು. ಟ್ಯೂಬು ಜಗ್ಗಿತು, ಬೆರಳು ಮೇಲೆದ್ದಿತು. ಆ ಮುದುಕ ಬಗ್ಗಿಕೊಂಡು ಅವಳ ಜೊತೆಗೇ ಅಂಗಡಿಯುದ್ದಕ್ಕೂ ಕುಂಟುತ್ತ ಬಂದ. ಶಂಭುಲಿಂಗನಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನು ನಕ್ಕದ್ದು.

ನಾಲ್ಕು ದಿನದಲ್ಲಿ ಪಟ್ಟಿ ತಯಾರಾಯಿತು. ಮೊಣಕಾಲ ಕೆಳಗೆ ಸುತ್ತಲು ರೆಕ್ಸಿನ್ನಿನ ಅಗಲ ಪಟ್ಟಿ, ಬೆವರು ಹೀರಲೆಂದು ಒಳಗೆ ಹಳೆಯ ಹತ್ತಿ ಬಟ್ಟೆ, ಮಕ್ಕಳ ಪಾಟಿಚೀಲದ ಬಕಲು, ಕೆಳಗೆ ಟ್ಯೂಬು, ತುದಿಗೆ ಕೊಂಡಿ. ಕೊಂಡಿ ಸಿಕ್ಕಿಸಲು ಚಪ್ಪಲಿಗೊಂದು ಬಳೆ. ಪುಷ್ಪಲತಾ ಒಂದು ಮಾತು ಸೇರಿಸಿದಳು. ತನ್ನ ಕಾಲು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಬಿಸಿಲೇರಿದ ಮೇಲೆ ಬಿಗಿ ಹೆಚ್ಚು ಬೇಕು. ಹಾಗಾಗಿ ಟ್ಯೂಬಿಗೆ ಮೂರು ತೂತು ಬಿದ್ದವು, ಮುಂಜಾನೆಯದು, ಹತ್ತು ಗಂಟೆಯದು, ಮಧ್ಯಾಹ್ನದ್ದು. ಅದನ್ನು ಕಟ್ಟಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಒಮ್ಮೆಯೂ ಎಡವದೆ ಹೋಗಿಬಂದಳು. ಇಸಾಕಸಾಬ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದ್ದೇ ನೋಡಿದ್ದು.

ಇಷ್ಟೆಲ್ಲ ಬುದ್ಧಿವಂತರು ಸೇರಿ ಮಾಡಿದ ತಪ್ಪನ್ನು ಈಗ ಹೇಳಬೇಕು.

ಸೋಮವಾರ ಸೀಗಿ ಹುಣ್ಣಿಮೆ. ಅಂದು ಹೊಲದಲ್ಲಿ ಭೂಮಿತಾಯಿಗೆ ಬಸುರಿಯ ಉಡಿ ತುಂಬಿ, ನೈವೇದ್ಯದ ಅಡಿಗೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲಿ, ಊಟ ಮಾಡಿ ಬರುತ್ತಾರೆ. ಹೊನ್ನವ್ವನ ಮನೆತನದಲ್ಲಿ ಇನ್ನೊಂದು ಪದ್ಧತಿಯುಂಟು. ಅಂದಿನಿಂದ ಬೆಳೆ ಮನೆಗೆ ಬರುವವರೆಗೆ ಆ ಹೊಲದಲ್ಲಿ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಬಸುರಿಯ ಮೈಮೇಲೆ ಚಪ್ಪಲಿಯಲ್ಲಿ ತುಳಿಯುತ್ತೀರಾ ಎನ್ನುತ್ತಾಳೆ ಆ ಮುದುಕಿ. ಹನ್ನೊಂದು ವರ್ಷದಿಂದ ಪುಷ್ಪಲತಾ ಪ್ರತಿ ವರ್ಷ ಬೇವಿನ ಬುಡದಲ್ಲಿ ಚಪ್ಪಲಿ ಬಿಟ್ಟವಳೇ. ಮಂಗಳವಾರ ಬೆಳಿಗ್ಗೆ ರಸ್ತೆಯಿಂದ ಬದುವಿನವರೆಗೆ ಪಟ್ಟಿ ಕಟ್ಟಿಕೊಂಡು ಗತ್ತಿನಿಂದ ನಡೆದುಬಂದಳು. ಹೆಣ್ಣುಮಕ್ಕಳು ಬಾಯಿ ತೆರೆದು ನೋಡಿದರು. ಬೇವಿನ ಬುಡಕ್ಕೆ ಬಂದಳು, ರೂಢಿಯಂತೆ ಬಗ್ಗಿದಳು, ಕೊಂಡಿ ಬಿಚ್ಚಿದಳು, ಚಪ್ಪಲಿ ಬಿಟ್ಟಳು, ಹೊಲಕ್ಕಿಳಿದಳು. ಎರಡನೆಯ ಸಾಲಿನಲ್ಲಿ ಬೆರಳು ಹೆಂಟೆಗೆ ಬಡಿಯಿತು. ಟ್ಯೂಬು ಮೊಣಕಾಲಿನಿಂದ ಸುಮ್ಮನೆ ಜೋತಾಡುತ್ತಿತ್ತು, ಚಪ್ಪಲಿ ಅಷ್ಟು ದೂರದಲ್ಲಿತ್ತು. ರಸ್ತೆಯ ಮೇಲೆ ನಡೆಯಲು ಅವಳಿಗೆ ಪಟ್ಟಿಯೇ ಬೇಕಿರಲಿಲ್ಲ, ಗಂಡನ ಆಟೋ ಇತ್ತು. ನಡೆಯಬೇಕಾದದ್ದು ಹೊಲದಲ್ಲಿ, ಹೊಲದಲ್ಲಿ ಚಪ್ಪಲಿ ಇಲ್ಲ. ಇದು ಅವಳಿಗೂ ಹೊಳೆದಿರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ. ಸಾಲಿನ ನಡುವೆ ಕೂತು ನಕ್ಕಳು, ನಗುತ್ತ ನಗುತ್ತ ಅತ್ತುಬಿಟ್ಟಳು. ಆ ಹೊತ್ತು ಅವಳ ಸಾಲುಗಳನ್ನು ಗದಿಗೆವ್ವ ಸದ್ದಿಲ್ಲದೆ ನೋಡಿ ಮುಗಿಸಿದಳು.

ಸಂಜೆ ಅಂಗಡಿಗೆ ಹೋಗಿ ಹೇಳಿದಾಗ ಇಸಾಕಸಾಬ ಹಣೆ ಹಣೆ ಬಡಿದುಕೊಂಡ.

"ದಿನಕ್ಕ ಐದ ಸಲ ಮಸೀದಿ ಬಾಗಲದಾಗ ಚಪ್ಪಲ್ ಬಿಡಾಂವ ನಾನು," ಎಂದ. "ನನಗರ ಹೊಳೀಬೇಕಿತ್ತಲ್ಲ ಮಗಳ."

ಹೊನ್ನವ್ವನನ್ನು ಕೇಳಿಕೊಂಡರೆ ಒಬ್ಬಳಿಗೆ ರಿಯಾಯಿತಿ ಕೊಡಲಿಕ್ಕಿಲ್ಲವೇ ಎಂದು ಶಂಭುಲಿಂಗ ಅಂದ. ಪುಷ್ಪಲತಾ ಒಪ್ಪಲಿಲ್ಲ. ಇಪ್ಪತ್ತು ಮಂದಿ ಬರಿಗಾಲಲ್ಲಿ ನಡೆಯುವ ಹೊಲದಲ್ಲಿ ತಾನೊಬ್ಬಳು ಚಪ್ಪಲಿ ಮೆಟ್ಟಿ ಮೇಸ್ತ್ರಿಕೆ ಮಾಡಿದರೆ ಆ ಮೇಸ್ತ್ರಿಕೆಗೆ ಏನು ಕಿಮ್ಮತ್ತು? ಅದೂ ಅಲ್ಲದೆ, ಬಸುರಿ ನೆಲ ಎಂಬುದನ್ನು ಅವಳೂ ನಂಬಿದವಳು. ಪಟ್ಟಿಯನ್ನೇ ಬರಿಗಾಲಿಗೆ ಒಗ್ಗಿಸಬೇಕು ಎಂದಳು.

ಇಸಾಕಸಾಬ ರೋಜಾದ ಉಪವಾಸ ಬಿಟ್ಟು ಎರಡು ಖರ್ಜೂರ ಬಾಯಿಗೆ ಹಾಕಿಕೊಂಡು, ಚಹಾ ತಣ್ಣಗಾಗಲು ಬಿಟ್ಟು ಕೂತ. ಮಂಚಕ್ಕೆ ಹೆಣೆಯುವ ನವಾರಿನ ಪಟ್ಟಿಯನ್ನು ಪಾದದ ನಡುವಿಗೆ ಸುತ್ತಿ ನೋಡಿದ, ನಾಲ್ಕು ಹೆಜ್ಜೆಗೆ ಅದು ಬೆರಳ ಕಡೆ ಜಾರಿತು. ಬಿಗಿ ಮಾಡಿದ, ರಕ್ತ ನಿಂತು ಪಾದ ಕಪ್ಪಾಯಿತು. ಬುಧವಾರವೂ ಹೋಯಿತು. ಗುರುವಾರ ನವಾರನ್ನು ಹಿಮ್ಮಡಿಯ ಹಿಂದಿನಿಂದ ತಂದು, ಪಾದದ ಮೇಲೆ ದಾಟಿಸಿ, ಅಂಗಾಲಿನ ಗುಣಿಯ ಕೆಳಗೆ ಹಾಯಿಸಿ, ಮತ್ತೆ ಮೇಲೆ ತಂದು ಹೊಲಿದ, ಕೊಂಡಿ ಸಿಕ್ಕಿಸುವ ಬಳೆಯನ್ನೂ ಅದರ ಮೇಲೆಯೇ ಕೂರಿಸಿದ. ಈಗ ಅದು ಜಾರಲಿಲ್ಲ. ಬೆರಳು, ಹಿಮ್ಮಡಿ, ಅಂಗಾಲಿನ ಮುಂದಿನ ದಿಂಬು ಎಲ್ಲವೂ ಬರಿದೇ ನೆಲಕ್ಕೆ ತಾಗುತ್ತಿದ್ದವು.

ಶುಕ್ರವಾರ ಅವಳು ಹೊಲಕ್ಕೆ ಇಳಿಯುವ ಮೊದಲು ನೆಟ್ಟಗೆ ಹೊನ್ನವ್ವನ ಎದುರು ಹೋಗಿ ನಿಂತಳು. ಕದ್ದು ಹೋಗುವ ಗುಣ ಅವಳದಲ್ಲ. ಮುದುಕಿ ಕನ್ನಡಕ ಏರಿಸಿಕೊಂಡು ಪಟ್ಟಿಯನ್ನು ಮುಟ್ಟಿ ನೋಡಿದಳು. ಚರ್ಮವೇನು ಎಂದು ಕೇಳಿದಳು. ಅಲ್ಲ, ಟ್ಯೂಬು, ನವಾರು, ರೆಕ್ಸಿನ್ ಎಂದಾಗ ಮೂಸಿಯೂ ನೋಡಿದಳು. ಆಮೇಲೆ ಕಾಲು ಎತ್ತು ಎಂದಳು. ಪುಷ್ಪಲತಾ ಗದಿಗೆವ್ವನ ಹೆಗಲು ಹಿಡಿದು ಅಂಗಾಲು ತೋರಿಸಿದಳು.

"ಬೆರಳು ಮಣ್ಣಿಗೆ ಹತ್ತತಾವೇನ?"

"ಹತ್ತತಾವ್ರಿ ಅವ್ವಾರ."

"ಹಿಮ್ಮಡ?"

"ಅದೂ ಹತ್ತತೈತ್ರಿ."

"ಹಂಗಾರ ಅದು ಚಪ್ಪಲ್ ಅಲ್ಲ. ಕಾಲುಂಗುರ ಇದ್ದಂಗ, ಇದೊಂದ ಸ್ವಲ್ಪ ದೊಡ್ಡದು," ಎಂದಳು ಹೊನ್ನವ್ವ. ತೀರ್ಪು ಕೊಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಕೊಟ್ರೇಶ ಎಂಟಕ್ಕೆ ಬರುತ್ತೇನೆಂದವನು ಬಂದದ್ದು ಹತ್ತೂವರೆಗೆ. ಹಾವೇರಿಯಲ್ಲಿ ಯಾರೋ ಸಾಹೇಬರು ಹಿಡಿದು ಕೂರಿಸಿದ್ದರಂತೆ. ತಂಪು ಹೊತ್ತು ಕಳೆದುಹೋಗಿತ್ತು. ಅಕ್ಟೋಬರಿನ ಬಿಸಿಲು ಎರೆಮಣ್ಣಿನ ಮೇಲೆ ಕೂತಿತ್ತು, ಕಾಲು ಆಗಲೇ ಭಾರವಾಗಿತ್ತು. ಬೇಕಾದರೆ ನಾಳೆ ನೋಡೋಣವೇ ಎಂದು ಅವನೇ ಕೇಳಿದ. ನಾಳೆಯೂ ಬಿಸಿಲು ಇರುತ್ತದೆ ಎಂದು ಅವಳು ತಲೆಯ ಟವೆಲ್ಲನ್ನು ಕೊಡದ ನೀರಲ್ಲಿ ಅದ್ದಿ ಹಿಂಡಿ ಕುತ್ತಿಗೆಗೆ ಸುತ್ತಿಕೊಂಡಳು, ಕೊಂಡಿಯನ್ನು ಮಧ್ಯಾಹ್ನದ ತೂತಿಗೆ ಏರಿಸಿದಳು, ಸಾಲಿಗೆ ಇಳಿದಳು.

ಮೊದಲ ಸಾಲು ಚೆನ್ನಾಗಿ ಹೋಯಿತು. ಎರಡು ಹಳದಿ ಹೂವು ಸಿಕ್ಕವು, ಕಿತ್ತಳು. ಎರಡನೆಯದು, ಮೂರನೆಯದು. ಟ್ಯೂಬು ಪ್ರತಿ ಹೆಜ್ಜೆಗೂ ಬೆರಳನ್ನು ಎತ್ತಿ ಕೊಡುತ್ತಿತ್ತು, ಅವಳ ಗಮನ ಪಾದ ಬಿಟ್ಟು ಎಲೆಯ ಮೇಲೆ ನಿಂತಿತು. ಎಷ್ಟು ದಿನದಿಂದ ತಾನು ಹೂವು ನೋಡುವುದನ್ನು ಬಿಟ್ಟು ನೆಲ ನೋಡುತ್ತಿದ್ದೆ ಎಂಬುದು ಅವಳಿಗೆ ಆಗ ತಿಳಿಯಿತು. ನಾಲ್ಕು, ಐದು, ಆರು. ಹಿಂದೆ ಕೊಟ್ರೇಶ ಎಲೆ ಸರಿಸಿ ಸರಿಸಿ ಹುಡುಕುತ್ತ ಬರುತ್ತಿದ್ದ. ಉಳಿದ ಹೆಣ್ಣುಮಕ್ಕಳು ಕೈಯಲ್ಲಿ ಗಂಡು ಹೂವು ಹಿಡಿದುಕೊಂಡೇ ಕದ್ದು ಕದ್ದು ನೋಡುತ್ತಿದ್ದರು.

ಏಳನೆಯ ಸಾಲಿನ ನಡುವೆ ಫಟ್ಟೆಂದಿತು. ಮಧ್ಯಾಹ್ನದ ತೂತಿನ ಹತ್ತಿರ ಟ್ಯೂಬು ಹರಿದು, ಕೆಳಗಿನ ತುಂಡು ಪಾದದ ಮೇಲೆ ಬಿತ್ತು. ಅವಳು ಮುಗ್ಗರಿಸಿದಳು, ಗಿಡ ಹಿಡಿಯದೆ ಮಂಡಿಯೂರಿ ನಿಂತಳು. ಗದಿಗೆವ್ವ ಓಡಿಬರಲು ನೋಡಿದಳು. ಪುಷ್ಪಲತಾ ಕೈ ಅಡ್ಡ ಮಾಡಿ ತಡೆದಳು. ಗದಿಗೆವ್ವ ಬಂದು ಹೆಗಲು ಕೊಟ್ಟರೆ ಅದು ತನ್ನ ನಡಿಗೆಯಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಸೆರಗನ್ನು ಸೊಂಟಕ್ಕೆ ಬಿಗಿದಳು. ಜಡೆಯ ರಿಬ್ಬನ್ನು ಬಿಚ್ಚಿ, ಪಾದದ ಕಡೆ ಉಳಿದ ಟ್ಯೂಬಿನ ತುದಿಗೆ ಗಂಟು ಹಾಕಿ, ಎಡಗೈಗೆ ಸುತ್ತಿಕೊಂಡು ಎದ್ದಳು. ಕೈ ಎಳೆದರೆ ಬೆರಳು ಏಳುತ್ತದೆ. ಎಳೆ, ಹೆಜ್ಜೆ ಇಡು, ಬಲಗೈಯಿಂದ ಎಲೆ ಸರಿಸು, ನೋಡು. ಎಳೆ, ಹೆಜ್ಜೆ ಇಡು. ಮಿದುಳು ಹೇಳಿದ್ದನ್ನು ಕಾಲು ಕೇಳದಿದ್ದರೆ ಕೈಯಾದರೂ ಕೇಳುತ್ತದಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಮೂರನೆಯ ಕೈ ಇರಲಿಲ್ಲ. ಏಳು ಮುಗಿಯಿತು. ಎಂಟು ಮುಗಿಯಿತು. ಒಂಬತ್ತನೆಯದರಲ್ಲಿ ರಿಬ್ಬನ್ನು ಹಲ್ಲಲ್ಲಿ ಕಚ್ಚಿ ಕೈ ಬದಲಿಸಿದಳು. ಸಾಕು ಪುಷ್ಪಕ್ಕ, ಇಷ್ಟಕ್ಕೇ ಬಿಡಿ ಎಂದ ಕೊಟ್ರೇಶ ಹಿಂದಿನಿಂದ. ಹತ್ತು ಅಂದವರು ನೀವೇ ಎಂದು ತಿರುಗದೆಯೇ ಹೇಳಿ ಹತ್ತನೆಯ ಸಾಲಿಗೆ ಹೊರಳಿದಳು.

ಹತ್ತು ಸಾಲಿನಲ್ಲಿ ಅವನಿಗೆ ಸಿಕ್ಕದ್ದು ಮೂರು ಹೂವು. ಗಿಡ ಒಂದೂ ಮುರಿದಿರಲಿಲ್ಲ. ಬದುವಿನ ಮೇಲೆ ಅವಳು ಕಾಲು ಚಾಚಿ ಕೂತಿದ್ದಳು, ಗದಿಗೆವ್ವ ಕೊಡದ ನೀರನ್ನು ಅವಳ ತಲೆಯ ಮೇಲೆಯೇ ಸುರಿಯುತ್ತಿದ್ದಳು. ಕೊಟ್ರೇಶ ಆ ಮೂರು ಹೂವನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದ. ನಾಳೆಯಿಂದ ಸಾಲು ನೋಡುವುದನ್ನು ಏಳು ಗಂಟೆಗೇ ಶುರು ಮಾಡಿ, ಬಿಸಿಲಿಗೆ ಮೊದಲೇ ಮುಗಿಸಿಬಿಡಿ, ಉಳಿದವರ ಹೊತ್ತನ್ನೂ ಅದಕ್ಕೆ ಹೊಂದಿಸಿಕೊಳ್ಳಿ, ಮೇಸ್ತ್ರಿ ನೀವೇ ಎಂದಷ್ಟೇ ಹೇಳಿ ಮೋಟರ್ ಸೈಕಲ್ ಹತ್ತಿದ. ಹೆಣ್ಣುಮಕ್ಕಳು ಕೇಕೆ ಹಾಕಿದರು. ಪುಷ್ಪಲತಾಳಿಗೆ ಸಂತೋಷಪಡಲೂ ಶಕ್ತಿ ಉಳಿದಿರಲಿಲ್ಲ, ಆದರೂ ಪಟ್ಟಳು.

ಆ ಸಂಜೆ ಅಂಗಡಿಗೆ ಹೋದಾಗ ಇಸಾಕಸಾಬ ಹರಿದ ಟ್ಯೂಬು ನೋಡಿ ನೊಂದುಕೊಂಡ. ತೂತಿಗೆ ಹಿತ್ತಾಳೆಯ ಬಳೆ ಹೊಡೆಯಬೇಕಿತ್ತು, ಟ್ಯೂಬು ಎರಡು ಪದರ ಹಾಕಬೇಕಿತ್ತು, ತನ್ನದೇ ತಪ್ಪು ಎಂದ. ಅವಳು ಕೆಲಸ ಉಳಿಯಿತೆಂದು ಹೇಳಿದ ಮೇಲೆ ಮುಖ ಅರಳಿತು. ಬಲಗಾಲಿನ ಪಟ್ಟಿಯನ್ನು ಎರಡು ಪದರ ಮಾಡಿ ನಾಳೆಯೇ ಕೊಡುತ್ತೇನೆಂದು ಟೇಪು ತೆಗೆದ.

ಪುಷ್ಪಲತಾ ಸ್ಟೂಲಿನ ಮೇಲೆ ಕೂತು ಎಡಗಾಲನ್ನು ಮುಂದೆ ಚಾಚಿದಳು.

ಇಸಾಕಸಾಬ ಟೇಪು ಹಿಡಿದುಕೊಂಡು ಅವಳ ಮುಖ ನೋಡಿದ. ಅದು ಒಳ್ಳೆಯ ಕಾಲು. ಒಳ್ಳೆಯ ಕಾಲಿಗೆ ಅಳತೆ ತೆಗೆಯುವುದು ಅವನಿಗೆ ಸರಿಬರಲಿಲ್ಲ, ಬಾಯಿಬಿಟ್ಟೇ ಅಂದ, ಅಪಶಕುನ ಯಾಕೆ ಮಾಡುತ್ತೀ ಎಂದು. ಬಾಗಿಲಲ್ಲಿದ್ದ ಶಂಭುಲಿಂಗ ಆ ಕಡೆ ಮುಖ ತಿರುಗಿಸಿದ. ಡಾಕ್ಟರು ಎರಡನೆಯ ಕಾಲಿನ ಬಗ್ಗೆ ಅಂದದ್ದನ್ನು ಅವನು ಈವರೆಗೂ ಬಾಯಲ್ಲಿ ಆಡಿರಲಿಲ್ಲ, ಅವಳೂ ಆಡಿರಲಿಲ್ಲ.

"ಬರದಿದ್ರ ಗೂಟಕ್ಕ ತೂಗಬಿಡ್ತೇನಿ ಕಾಕಾ," ಎಂದಳು ಅವಳು. "ಬಂದ್ರ, ಬಂದ ದಿನಾ ಸೈತ ನಾ ಹೊಲಕ್ಕ ಹೋಗಬೇಕು. ಅಳತಿ ತಗೋರಿ."

ಇಸಾಕಸಾಬ ನೆಲಕ್ಕೆ ಮಂಡಿಯೂರಿ, ಆ ಗಟ್ಟಿಮುಟ್ಟಾದ ಕಾಲಿಗೆ ಟೇಪು ಸುತ್ತಿದ, ಅಳತೆಯನ್ನು ಗಟ್ಟಿಯಾಗಿ ಓದಿದ. ಶಂಭುಲಿಂಗ ಒಳಗೆ ಬಂದು ಅದನ್ನು ಬರೆದುಕೊಂಡ.